ಮಾಬ್ಲಣ್ಣ ಮತ್ತು ಮಾಸ್ತರರ ಡಬ್ಬಿ

ಮಾಬ್ಲಣ್ಣ ಯಾವುದನ್ನೂ ಮುಟ್ಟುವ ಮೊದಲು ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಬಲ ಅಂಗೈ ಹಿಡಿಯುತ್ತಿದ್ದರು. ಚಾದ ಲೋಟ, ಬಿಸಿಲಿಗೆ ಕಾದ ಸೈಕಲ್ ಸೀಟು, ಜ್ವರ ಬಂದ ಮಗುವಿನ ಹಣೆ, ಎಲ್ಲಕ್ಕೂ ಅದೇ ಕ್ರಮ. ಕಣ್ಣು ಸಣ್ಣ ಮಾಡಿ ಸ್ವಲ್ಪ ಹೊತ್ತು ನಿಂತು "ಆಯ್ತ್" ಅಥವಾ "ಇನ್ನ್ ಆಯ್ಲಿಲ್ಲೆ" ಎನ್ನುವರು. ಒಮ್ಮೆ ನಮ್ಮ ಅಮ್ಮ ಕೊಟ್ಟ ಪಾಯಸದ ಬಟ್ಟಲಿನ ಮೇಲೂ ಹಾಗೆ ಕೈ ಹಿಡಿದು ಕುಳಿತಿದ್ದರು. "ಅದ್ ಪಾಯಸ ಮಾರಾಯ್ರೆ, ಉಬ್ಬಿ ಏಳುದಿಲ್ಲೆ, ತಿನ್ನಿ" ಎಂದು ಅಮ್ಮ ಹೇಳಬೇಕಾಯಿತು.

ನನ್ನ ದಿನಚರಿಯಲ್ಲಿ ಅವರ ಹೆಸರು ಮೊದಲು ಬರುವುದು ೧೯೭೧ರ ಜನವರಿ ೧೭ರ ಭಾನುವಾರ. ನಮ್ಮ ಮನೆ ಹೆಮ್ಮಾಡಿಯಲ್ಲಿ. ಹಿತ್ತಿಲಲ್ಲಿ ಕೊಬ್ಬರಿ ತುಂಬಿಡುವ ಹಂಚಿನ ಕೊಟ್ಟಿಗೆಯೊಂದು ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಕೇಳಲು ಅವರು ಬಂದಿದ್ದರು. ಹೆಸರು ಮಹಾಬಲ, ಊರು ಗುಲ್ವಾಡಿ, ವಯಸ್ಸು ನಲವತ್ತರ ಮೇಲೆ. ೧೯೫೬ರಲ್ಲಿ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಯ ಆರು ವರ್ಷ ಒಂದು ಫೋಮ್ ಕಾರ್ಖಾನೆಯಲ್ಲಿ ದ್ರವ ಕಲಸುವ ಕೆಲಸ ಮಾಡಿದ್ದರು. ಮದುವೆ ಆಗಿರಲಿಲ್ಲ. ಗುಲ್ವಾಡಿಯಲ್ಲಿ ಅಕ್ಕ ಒಬ್ಬರೇ.

"ಎಂತ ಮಾಡ್ತ್ರಿ ಈ ಕೊಟ್ಗಿಯಗೆ?" ಎಂದು ಅಪ್ಪಯ್ಯ ಕೇಳಿದರು.

"ಗಾಳಿ ಹಿಡ್ದ್ ಕೂಡ್ಸ್ತೆ ಭಟ್ರೆ. ಬಸ್ಸಿನ್ ಸೀಟ್ ಮಾಡ್ತೆ."

ಆಗ ಈ ಕಡೆಯ ಬಸ್ಸುಗಳ ಸೀಟಿನೊಳಗೆ ತೆಂಗಿನ ನಾರು ತುಂಬುತ್ತಿದ್ದರು. ಆರು ತಿಂಗಳಿಗೆ ನಾರು ಕುಗ್ಗಿ, ಬೈಂದೂರಿನಿಂದ ಬ್ರಹ್ಮಾವರಕ್ಕೆ ಕುಳಿತು ಹೋದವರು ನಿಂತು ಬಂದವರಿಗಿಂತ ಹೆಚ್ಚು ನರಳುತ್ತಿದ್ದರು. ಮಾಬ್ಲಣ್ಣನಿಗೆ ಇದ್ದದ್ದು ಒಂದೇ ಆಸೆ. ಇಲ್ಲೇ ಫೋಮು ಮಾಡಬೇಕು, ಮತ್ತೆ ಬೊಂಬಾಯಿಗೆ ಹೋಗಬಾರದು.

ನಾನು ಪಿಯುಸಿ ವಿಜ್ಞಾನ ಮುಗಿಸಿ ಮನೆಯಲ್ಲಿದ್ದೆ. ಪ್ರತಿದಿನದ ಮಳೆ, ಬಾವಿಯ ನೀರಿನ ಮಟ್ಟ, ಮನೆಗೆ ಬಂದು ಹೋದವರು, ಎಲ್ಲವನ್ನೂ ಬರೆದಿಡುವುದು ನನ್ನ ಅಭ್ಯಾಸ. ಅದನ್ನು ಕಂಡು ಮಾಬ್ಲಣ್ಣ, "ನಂಗ್ ಇಂಥದೇ ಜನ ಬೇಕಿತ್ತ್. ತೂಕ ಮಾಡುಕ್ ನೀನ್ ಬಾ" ಎಂದರು. ಕುಂದಾಪುರದ ಅಕ್ಕಸಾಲಿಗರೊಬ್ಬರಿಂದ ಹಳೆಯ ಚಿನ್ನದ ತಕ್ಕಡಿ ತಂದುಕೊಟ್ಟರು. ಅಂದಿನಿಂದ ನನಗೆ ಲೆಕ್ಕದಮ್ಮ ಎಂದು ಹೆಸರಾಯಿತು.

ಕೆಲಸ ಹೀಗೆ. ಜೇನಿನಂತೆ ದಪ್ಪನಾದ ಒಂದು ದ್ರವ, ಕಣ್ಣು ಉರಿಸುವ ತೆಳುವಾದ ಇನ್ನೊಂದು ದ್ರವ. ಇವೆರಡಕ್ಕೆ ಒಂದಿಷ್ಟು ನೀರು ಸೇರಿದರೆ ಒಳಗೆ ಗಾಳಿ ಹುಟ್ಟಿ ಉಬ್ಬುತ್ತದೆ. ಆದರೆ ಅವನ್ನು ಅವುಗಳ ಪಾಡಿಗೆ ಬಿಟ್ಟರೆ ಸೀಟು ಆಗುವುದಿಲ್ಲ. ಅವಸರ ಪಡಿಸಲು ಎರಡು ವೇಗವರ್ಧಕ ಬೇಕು, ಅದೂ ಕೆಲವೇ ಗ್ರಾಮು. ಒಂದು ಗಾಳಿಯನ್ನು ಬೇಗ ಹುಟ್ಟಿಸುವಂಥದು. ಮತ್ತೊಂದು, ತವರದಿಂದ ಮಾಡಿದ ಹಳದಿ ಎಣ್ಣೆ, ಗುಳ್ಳೆಗಳ ಗೋಡೆಯನ್ನು ಬೇಗ ಗಟ್ಟಿ ಮಾಡುವಂಥದು. ಮೊದಲನೆಯದಕ್ಕೆ ಕೊಳೆತ ಮೀನಿನ ವಾಸನೆ. ಅದಕ್ಕೆ ಮಾಬ್ಲಣ್ಣ ಇಟ್ಟ ಹೆಸರು ಮೀನಣ್ಣ. ಎರಡನೆಯದು ಮಾಸ್ತರರು.

"ಮೀನಣ್ಣ ಮಕ್ಳನ್ನ ಓಡಿಸ್ತ. ಮಾಸ್ಟ್ರ್ ಸಾಲಗೆ ನಿಲ್ಲಿಸ್ತ್ರ್. ಮೀನಣ್ಣ ಒಬ್ನೇ ಆದ್ರೆ ಎಲ್ಲಾ ಹಾರಿ ಬಿದ್ದ್ ಹೋತ್. ಮಾಸ್ಟ್ರ್ ಜೋರಾದ್ರೆ ಮಕ್ಳ್ ಉಸ್ರೇ ಬಿಡುದಿಲ್ಲೆ, ಮುದುಡಿ ಹೋತೊ. ಇಬ್ರೂ ಒಟ್ಟಿಗೆ ಬಂದ್, ಒಟ್ಟಿಗೆ ಮುಗಿಸ್ಬೇಕ್. ಅದೇ ಸೀಟ್."

ಮೀನಣ್ಣನ ಡಬ್ಬಿ ತೆರೆದ ಮೊದಲ ದಿನ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಬಂದರು.

"ಹ್ವಾಯ್, ನಮ್ ಹಿತ್ಲಗೆ ಬಂಗ್ಡಿ ಮೀನ್ ತಂದದ್ ಯಾರ್?"

"ಬಂಗ್ಡಿ ಅಲ್ಲ ಅಮ್ಮ, ಕಾರ್ಖಾನಿ ಸಾಮಾನ್. ಮಡಿಗೆ ಎಂತ ಆಪ್ದಿಲ್ಲೆ."

"ಮಡಿಗ್ ಆಪ್ದಿಲ್ಲೆ, ಸೈ. ಮೂಗಿಗ್ ಆತ್ತಲೆ" ಎಂದು ಅಜ್ಜಿ ಹೋದರು. ಮರುದಿನ ಅವರೇ ಕೊಟ್ಟಿಗೆಯ ಮೂಲೆಗೆ ಧೂಪದ ಕೆಂಡ ಕಳಿಸಿದ್ದರು. ಬೆಂಕಿ ಕಂಡದ್ದೇ ಮಾಬ್ಲಣ್ಣ ಅದನ್ನು ಅಂಗಳಕ್ಕೆ ಒಯ್ದು ನೀರು ಸುರಿದು, ಅಜ್ಜಿಯ ಬಳಿ ಕ್ಷಮೆ ಕೇಳಿ ಬಂದರು.

ಅವರು ಕಲಸುವುದನ್ನು ನೋಡಬೇಕಿತ್ತು. ಮುರಿದ ದೋಣಿಹುಟ್ಟನ್ನು ಗಿಡ್ಡ ಮಾಡಿ ಇಟ್ಟುಕೊಂಡಿದ್ದರು. ಅದರಿಂದ ಬಕೆಟಿನಲ್ಲಿ ತಿರುಗಿಸುತ್ತಾ ಗಟ್ಟಿಯಾಗಿ ಎಣಿಸುವರು. ಹನ್ನೆರಡಕ್ಕೆ ದ್ರವ ಕೆನೆಯಂತೆ ಬೆಳ್ಳಗಾಗಬೇಕು. ತಕ್ಷಣ ಮರದ ಅಚ್ಚಿಗೆ ಸುರಿದು ಅಂಗೈ ಹಿಡಿಯುವರು. ಬಿಳಿ ರಾಶಿ ಅವರ ಕೈಯನ್ನು ಹುಡುಕಿಕೊಂಡು ಬಂದಂತೆ ಮೇಲೇಳುತ್ತಿತ್ತು. ಅದು ಏರಿದಷ್ಟೂ ಕೈ ಮೇಲೆ ಹೋಗುತ್ತಿತ್ತು, ನಡುವಿನ ಗೇಣು ಅಂತರ ಹಾಗೇ ಉಳಿಯುತ್ತಿತ್ತು. ನೂರು ದಾಟಿದ ಮೇಲೆ ಎಲ್ಲೋ ಒಂದು ಕಡೆ ಎಣಿಕೆ ನಿಲ್ಲಿಸಿ "ಆಯ್ತ್" ಎನ್ನುವರು. ಫೋಮು ಏರುವುದು ನಿಂತ ಹೊತ್ತನ್ನು ನಾನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಅವರ ಕೈ ಮತ್ತು ನನ್ನ ಗಡಿಯಾರದ ನಡುವೆ ಎರಡು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದು ಏಪ್ರಿಲ್ ಕೊನೆಯವರೆಗೆ ಮೂರೇ ಸಲ.

ಮೇ ತಿಂಗಳಲ್ಲಿ ಬಸ್ಸಿನ ಧಣಿಯೊಬ್ಬರು ಮಾದರಿ ನೋಡಲು ಬಂದರು. ಭಾರೀ ಮನುಷ್ಯ. ಸೀಟಿನ ಮೇಲೆ ಕುಳಿತು, ಎದ್ದು, ತಿರುಗಿ ನೋಡಿದರು. ಕುಳಿತ ಗುರುತು ನಿಧಾನವಾಗಿ ಮಾಯವಾಗುತ್ತಿತ್ತು. ಮತ್ತೆ ಕುಳಿತರು.

"ಇದ್ರಗ್ ಕೂತವ ಇಳಿಯೂ ಸ್ಟಾಪಗೆ ಇಳಿತ್ನಿಲ್ಲೆ ಮಾಬ್ಲ. ಕಂಡಕ್ಟರಿಗೂ ನಂಗೂ ಜಗ್ಳ ತಂದ್ ಹಾಕ್ತೆ ನೀನ್" ಎಂದು ನಕ್ಕರು. ಬ್ರಹ್ಮಾವರದಲ್ಲಿ ಅವರ ಹೊಸ ಬಸ್ಸಿನ ಬಾಡಿ ಕಟ್ಟುತ್ತಿತ್ತು. ಚೌತಿಗೆ ಅದು ರಸ್ತೆಗೆ ಇಳಿಯಬೇಕು. ಅದಕ್ಕೆ ಕೂರುವುದು, ಒರಗುವುದು ಸೇರಿ ಐವತ್ತೆರಡು ತುಂಡು ಬೇಕೆಂದರು. ಇದು ಸರಿಯಾದರೆ ಉಳಿದ ಬಸ್ಸುಗಳದ್ದೂ ಮಾಬ್ಲಣ್ಣನಿಗೇ.

ಧಣಿ ಹೋದ ಮೇಲೆ ಮಾಬ್ಲಣ್ಣ ಬಾಗಿಲಿಂದ ನನ್ನ ಕಡೆ ತಿರುಗಿದರು. "ಐವತ್ತೆರ್ಡ್ ಆದ್ರೆ ನಾನ್ ಮತ್ ಬೊಂಬಾಯಿ ಮುಖ ಕಾಣುದಿಲ್ಲೆ ಲೆಕ್ಕದಮ್ಮ. ಅಕ್ಕನ್ ಮನಿ ಜಗ್ಲಿಯಗೆ ಮಲ್ಗ್ತೆ." ಆಮೇಲೆ ಮಾಸ್ತರರ ಡಬ್ಬಿ ತೋರಿಸಿ ಹೇಳಿದರು, "ಇದೊಂದ್ ಕಡ್ಮಿ ಬಪ್ಪುಕಾಗ. ಮಳಿಗಾಲದಗೆ ಬೊಂಬಾಯಿಂದ ಮತ್ತೊಂದ್ ಬಪ್ಪುದ್ ಕಷ್ಟ."

ಅರ್ಧ ಕಿಲೋದ ಚಿಕ್ಕ ಡಬ್ಬಿ ಅದು. ಆ ಒಂದು ಮಾತಿನಿಂದ ನಾನು ಜೂನ್ ಎಂಟರಿಂದ ಹೊಸ ಕ್ರಮ ಆರಂಭಿಸಿದೆ. ದಿನವೂ ಸಂಜೆ ಡಬ್ಬಿಯ ಮುಚ್ಚಳ ತೆರೆದು, ಗೆರೆ ಕೊರೆದ ಬಿದಿರಿನ ಕಡ್ಡಿ ಇಳಿಸಿ, ಎಷ್ಟು ಉಳಿದಿದೆ ಎಂದು ಅಳೆಯುವುದು. ಬರೆಯಲು ಅನುಕೂಲವಾಗಲಿ ಎಂದು ಡಬ್ಬಿಯ ಸುತ್ತ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ತಾರೀಕು ಮತ್ತು ಅಳತೆ ಹಾಕಿದೆ. ಕಡ್ಡಿ ಕೊಳಕಾಗಬಾರದೆಂದು ಪ್ರತಿಸಲವೂ ಮೊದಲು ಬಾವಿಕಟ್ಟೆಯಲ್ಲಿ ತೊಳೆದು ಸೆರಗಿನಲ್ಲಿ ಒರೆಸಿ ತರುತ್ತಿದ್ದೆ. ಹೊರಗೆ ಮಳೆ. ಮಾಬ್ಲಣ್ಣ ಆ ಹೊತ್ತಿಗೆ ಗುಲ್ವಾಡಿಗೆ ಹೊರಟಿರುತ್ತಿದ್ದರು. ಬೆಳಿಗ್ಗೆ ಬಂದು ಕಾಗದ ನೋಡಿ, "ಇವ್ಳ್ ಲೆಕ್ಕ ಇದ್ರೆ ನಂಗ್ ತಲಿಬಿಸಿ ಇಲ್ಲೆ" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ನನ್ನ ಪುಸ್ತಕದಲ್ಲಿ ಜೂನ್ ತಿಂಗಳಿಗೆ ಒಳ್ಳೆಯದು ಹದಿನಾಲ್ಕು, ಹಾಳು ಎರಡು. ಜುಲೈಗೆ ಒಳ್ಳೆಯದು ಐದು, ಹಾಳು ಹದಿನೇಳು.

ಉಬ್ಬುತ್ತಿತ್ತು. ಎಂದಿನ ಎತ್ತರಕ್ಕೆ ಬರುತ್ತಿತ್ತು. "ಆಯ್ತ್" ಎಂದ ಮೇಲೆ ನಡುವಿನಲ್ಲಿ ಸೀಳಿ, ನಿಟ್ಟುಸಿರಿನಂಥ ಸದ್ದು ಮಾಡಿ ಕೆಳಗೆ ಕುಸಿಯುತ್ತಿತ್ತು. ಮಾಬ್ಲಣ್ಣ ಅಚ್ಚನ್ನು ಒಲೆಯ ಬದಿಯಲ್ಲಿ ಒಣಗಿಸಿ ತಂದರು. ಬಕೆಟು ಬದಲಿಸಿದರು. ನೀರು ಕಡಿಮೆ ಮಾಡಿದರು. ಮಾಸ್ತರರನ್ನು ಏಳು ಗ್ರಾಮಿನಿಂದ ಒಂಬತ್ತಕ್ಕೆ, ಹತ್ತಕ್ಕೆ ಏರಿಸಿದರು. ಒಂದು ದಿನ ನಿಂತದ್ದು ಮರುದಿನ ಅದೇ ತೂಕಕ್ಕೆ ನಿಲ್ಲುತ್ತಿರಲಿಲ್ಲ. ಡಬ್ಬಿ ಬೇಗ ಖಾಲಿಯಾಗುತ್ತಿದೆ ಎಂದು ನಾನು ಇನ್ನಷ್ಟು ಎಚ್ಚರದಿಂದ ಅಳೆದೆ.

ಒಂದು ಮಧ್ಯಾಹ್ನ ಅವರು ಹುಟ್ಟನ್ನು ಕೆಳಗಿಟ್ಟು ನನ್ನನ್ನು ಕೇಳಿದರು, "ತೂಕ ಸಮ ಇತ್ತಾ?"

"ಸಮ ಇತ್ತ್ ಮಾಬ್ಲಣ್ಣ. ಎರಡ್ ಸಲ ಕಂಡಿದೆ."

"ನಿಂದ್ ತಪ್ಪುದಿಲ್ಲೆ, ಗೊತ್ತಿತ್." ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. "ಇದೇ ಸುಳ್ ಹೇಳುಕ್ ಶುರು ಮಾಡಿತ್."

ಕಾರ್ಖಾನೆಯಲ್ಲಿ ಅವರಿಗೆ ಎಲ್ಲವೂ ಅಳೆದ ಲೋಟಗಳಲ್ಲಿ ಸ್ಟೋರಿನಿಂದ ಬರುತ್ತಿತ್ತು. ಡಬ್ಬಿಗಳನ್ನು ಹೇಗೆ ಇಡುತ್ತಾರೆ ಎಂದು ಅವರು ನೋಡಿರಲಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಆಗಸ್ಟಿನಲ್ಲಿ ಮಾಡಿದ್ದೆಲ್ಲ ಕುಸಿಯಿತು. ಹತ್ತನೇ ತಾರೀಕು ಅವರೇ ಬ್ರಹ್ಮಾವರಕ್ಕೆ ಹೋಗಿ ಧಣಿಗೆ ನಾರು ತುಂಬಿಸಲು ಹೇಳಿ ಬಂದರು.

ಹನ್ನೆರಡರಂದು ನಾನು ಕೊಟ್ಟಿಗೆ ಗುಡಿಸುತ್ತಿದ್ದೆ. ಮಳೆಯ ತೇವಕ್ಕೆ ಡಬ್ಬಿಯ ಮೇಲಿನ ನನ್ನ ಕಾಗದ ಅಂಟು ಬಿಟ್ಟು ನೇತಾಡುತ್ತಿತ್ತು. ಎಳೆದೆ. ಕೆಳಗಿನ ಕಂಪನಿಯ ಚೀಟಿಯೂ ಜೊತೆಗೇ ಬಂತು. ಅಂಟಿಸುವ ದಿನ ನಾನು ಅದರಲ್ಲಿ ಹೆಸರು ಮತ್ತು ತೂಕ ಮಾತ್ರ ಓದಿದ್ದೆ. ಅಡಿಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎರಡು ಸಾಲು ಇತ್ತು. ಗಾಳಿ ಮತ್ತು ತೇವ ತಾಗಿದರೆ ಇದರ ಶಕ್ತಿ ಹೋಗುತ್ತದೆ. ಅಗತ್ಯವಿಲ್ಲದೆ ತೆರೆಯಬಾರದು.

ಜೂನ್ ಎಂಟರಿಂದ ಆಗಸ್ಟ್ ಒಂಬತ್ತರವರೆಗೆ ಅರವತ್ಮೂರು ಸಂಜೆ. ಅರವತ್ಮೂರು ಸಲ ತೆರೆದಿದ್ದೆ, ತೊಳೆದ ಕಡ್ಡಿ ಇಳಿಸಿದ್ದೆ. ಒಂದು ದಿನವೂ ತಪ್ಪಿಸಿರಲಿಲ್ಲ.

ಮಾಬ್ಲಣ್ಣ ಮತ್ತೆ ಬೊಂಬಾಯಿಗೆ ಹೊರಡುವುದಕ್ಕೆ ಆಗ ಇನ್ನೂ ಒಂಬತ್ತು ದಿನ ಇತ್ತು. ಗುಲ್ವಾಡಿ ನಮ್ಮಲ್ಲಿಂದ ಬಹಳ ದೂರವೂ ಅಲ್ಲ. ಎರಡು ಸಲ ಹೊರಟು ಹೆಮ್ಮಾಡಿಯ ಬಸ್ ಸ್ಟಾಪಿನಿಂದ ವಾಪಸು ಬಂದೆ. ನನ್ನ ಲೆಕ್ಕ ತಪ್ಪುವುದಿಲ್ಲ ಎಂದು ಅವರು ಊರಿಡೀ ಹೇಳಿದ್ದರು. ಆ ಮಾತು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ಆಗಸ್ಟ್ ೨೧, ಶನಿವಾರ, ಕುಂದಾಪುರದ ಬಸ್ ಸ್ಟ್ಯಾಂಡಿಗೆ ಹೋದೆ. ಚೀಟಿಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಮಾಬ್ಲಣ್ಣ ಟ್ರಂಕಿನ ಮೇಲೆ ಕುಳಿತಿದ್ದರು. ಹುಬ್ಬಳ್ಳಿ ಬಸ್ಸು ಹಿಡಿದು ಅಲ್ಲಿಂದ ರೈಲು. ಚಾದವನು ಲೋಟ ತಂದುಕೊಟ್ಟ. ಅವರು ಅಂಗೈ ಹಿಡಿಯದೆ ನೇರ ತೆಗೆದುಕೊಂಡು ಬಾಯಿಗಿಟ್ಟು, ತುಟಿ ಸುಟ್ಟುಕೊಂಡರು.

"ಕೈಗೆ ಗೊತ್ತಾಪ್ದಿಲ್ಲೆ ಈಗ" ಎಂದರು. "ಊರ್ ಬಿಟ್ಟವಂಗೆ ಊರ್ ಗಾಳಿ ಹಿಡ್ಸುದಿಲ್ಲೆ ಕಾಣ್. ತಕ್ಡಿ ನೀನೇ ಇಟ್ಕೊ. ತಪ್ಪಿದ್ ನನ್ ಕೈ, ನಿನ್ ಲೆಕ್ಕ ಅಲ್ಲ."

"ಮಾಬ್ಲಣ್ಣ."

"ಎಂತ?"

"ಬುತ್ತಿ ತಕಂಡ್ರಿಯಾ?"

"ಅಕ್ಕ ಅವಲಕ್ಕಿ ಕಟ್ಟಿ ಕೊಟ್ಟಿತ್. ನೀನ್ ಹೋಗ್, ಮಳಿ ಬತ್ತ್."

ಈ ವರ್ಷ, ಅಂದರೆ ೧೯೭೩ರ ಫೆಬ್ರವರಿಯಲ್ಲಿ, ಅವರ ಅಕ್ಕ ತರಕಾರಿ ಬೀಜ ಕೇಳಲು ನಮ್ಮ ಮನೆಗೆ ಬಂದಿದ್ದರು. ಮಾಬ್ಲಣ್ಣ ಜ್ವರದಿಂದ ಬೊಂಬಾಯಿಯಲ್ಲೇ ತೀರಿಕೊಂಡರಂತೆ. ಫೋಮಿನ ಕೆಲಸಕ್ಕೆ ಮತ್ತೆ ಹೋಗಲೇ ಇಲ್ಲವಂತೆ. ಹಳೆಯ ಕಾರ್ಖಾನೆಯವರು ಕರೆಯಲು ಬಂದಾಗ, "ನನ್ ಕೈ ಹೋಯ್ತ್" ಎಂದು ಹೇಳಿ, ಹೋಟೆಲಿನಲ್ಲಿ ಮತ್ತೆ ಲೋಟ ತೊಳೆಯಲು ನಿಂತರಂತೆ. "ಅವ್ನ್ ಕೈಗ್ ಎಂತ ಆಯಿತ್ತ್ ಹೆಣ್ಣೇ? ನಿಂಗ್ ಗೊತ್ತಿತ್ತಾ?" ಎಂದು ಅಕ್ಕ ನನ್ನನ್ನು ಕೇಳಿದರು. ಅವರಿಗೆ ಡಬ್ಬಿಯ ಸಂಗತಿ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಬೀಜದ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು, "ಅವಂಗ್ ಹೇಳ್ಬೇಕಿತ್ತ್" ಎಂದಷ್ಟೇ ಹೇಳಿ ಇಳಿದು ಹೋದರು.

ಕುಂದಾಪುರದಲ್ಲಿ ಅಂದು ಬಸ್ಸು ಬಂದುಬಿಟ್ಟಿತು, ಹೇಳಲು ಹೊತ್ತು ಸಿಗಲಿಲ್ಲ ಎಂದೇ ನಾನು ಈ ಒಂದೂವರೆ ವರ್ಷ ನಂಬಿಕೊಂಡಿದ್ದೆ. ಅಕ್ಕ ಹೋದ ಮೇಲೆ ದಿನಚರಿಯ ಆ ಪುಟ ತೆಗೆದೆ. ನನ್ನದೇ ಅಕ್ಷರದಲ್ಲಿ ಮೂರು ಸಾಲು ಇದೆ. ಬೆಳಿಗ್ಗೆ ಮಳೆ, ಆಮೇಲೆ ಬಿಸಿಲು. ಮಾಬ್ಲಣ್ಣ ಬೊಂಬಾಯಿಗೆ ಹೋದರು. ಬಸ್ಸು ಇಪ್ಪತ್ತೈದು ನಿಮಿಷ ತಡವಾಗಿ ಬಂತು.