ಮುರುಗಲ ತುಪ್ಪದ ಚಾಕಲೇಟು

ದಾಂಡೇಲಿಯ ಅಂಬೇವಾಡಿಯಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವ ನನಗೆ ಒಂದು ಚಟವಿದೆ. ಯಾವ ಪೊಟ್ಟಣ ಸಿಕ್ಕರೂ ಹಿಂಬದಿಯ ಸಣ್ಣಕ್ಷರ ಓದದೆ ಬಿಡುವುದಿಲ್ಲ. ಕಾಂಪೌಂಡ್ ಎಂದು ಮಾರುವ ಅಗ್ಗದ ಚಾಕಲೇಟ್ ಸ್ಲ್ಯಾಬಿನಲ್ಲಿ ಕೋಕೋ ಬೆಣ್ಣೆಯೇ ಇಲ್ಲ, ಇರುವುದು ತಾಳೆ ಎಣ್ಣೆ ಎಂದು ತಿಳಿದದ್ದು ಹಾಗೆ. ಅಸಲಿಯನ್ನು ಹುಬ್ಬಳ್ಳಿಯಿಂದ ತರಿಸಿದರೆ ಕೇಕಿಗಿಂತ ಅದರ ಮೈಮೇಲಿನ ಚಾಕಲೇಟ್ ಅಂಗಿಯೇ ದುಬಾರಿ.

ಬೇಸಿಗೆಯಲ್ಲಿ, ಮಾವಶಿ ಎಂದು ಎಲ್ಲರೂ ಕರೆಯುವ ಕುಂಬಾರವಾಡದ ಅಜ್ಜಿ ಬಂದರು. ಮುರುಗಲ, ಅಂದರೆ ಕೋಕಂ ಹಣ್ಣಿನ ಬೀಜದ ತುಪ್ಪವನ್ನು ಉಂಡೆ ಕಟ್ಟಿ ಮನೆಮನೆಗೆ ಮಾರುವವರು. ನಾವೆಲ್ಲ ಅದನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತೇವೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವರಿಗೆ ಚಾಕಲೇಟ್ ಕೇಕು ಬೇಕಿತ್ತು.

"ಹ್ವಾದ ವರ್ಷ ನೀವು ಮಾಡಿಕೊಟ್ಟದ್ದು ಬಸ್ಸಿನಾಗ ಕರಗಿ ಪಾಯಸ ಆಗಿತ್ತರಿ ಅಕ್ಕಾರ. ಈ ಸಲ ಕರಗಂಗಿಲ್ಲ ಅಂತ ಹುಡುಗಿಗೆ ಮಾತು ಕೊಟ್ಟೇನಿ. ಮತ್ತ ಹಂಗಾದ್ರ ಆಕಿ ನನ್ನ ನಂಬೂದಿಲ್ಲ."

ನನಗೆ ನಾಚಿಕೆಯಾಯಿತು. ತಪ್ಪು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲವಾದ್ದರಿಂದ ಬಸ್ಸನ್ನೇ ಬೈದೆ. ಬೈಯುತ್ತಲೇ ಅವರು ಕೈಗಿಟ್ಟ ತುಪ್ಪದ ಉಂಡೆಯನ್ನು ಒತ್ತಿ ನೋಡಿದೆ. ಅಷ್ಟು ಬಿಸಿಲಲ್ಲಿ ಬಂದರೂ ಅದು ಕಲ್ಲಿನಂತಿತ್ತು. ಕೋಕೋ ಬೆಣ್ಣೆಯಂತೆ ಇದೂ ಬೀಜದ ಬೆಣ್ಣೆಯೇ ಅಲ್ಲವೇ?

"ಮಾವಶಿ, ಇದನ್ನ ತಿಂತಾರೇನು?"

"ಅಯ್ಯ, ನಾವು ಪಲ್ಲೇಕ ಹಾಕ್ತೇವಿ! ನೀವ ಕಾಲಿಗೆ ಹಚ್ಚಿ ದಂಡ ಮಾಡ್ತೀರಿ."

ಅವರು ಹೋದದ್ದೇ ತಡ, ಬಿಸಿನೀರಿನ ಮೇಲೆ ಪಾತ್ರೆಯಿಟ್ಟು ತುಪ್ಪ ಕರಗಿಸಿದೆ. ಕೋಕೋ ಪುಡಿ, ಸಕ್ಕರೆ ಪುಡಿ ಬೆರೆಸಿದೆ. ಮೊದಲ ಸಲ ಮರಳು ಮರಳಾಯಿತು. ಸಕ್ಕರೆ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ ಮತ್ತೆ ಮಾಡಿದಾಗ ನುಣ್ಣಗೆ ಇಳಿಯಿತು. ಆರಿದ ಮೇಲೆ ತಟ್ಟಿದರೆ ಟಕ್ಕೆಂದಿತು. ಮಧ್ಯಾಹ್ನವೆಲ್ಲ ಒಂದು ಚೂರನ್ನು ಕಿಟಕಿಯಲ್ಲಿಟ್ಟು ಹತ್ತು ಸಲ ಹೋಗಿ ಮುಟ್ಟಿದೆ. ಕರಗಲಿಲ್ಲ. ಬಾಯಿಗಿಟ್ಟರೆ ಅವಸರವಿಲ್ಲದೆ ಕರಗಿತು. ಇಷ್ಟು ವರ್ಷ ಇದನ್ನು ಹಿಮ್ಮಡಿಗೆ ತಿಕ್ಕಿದೆನಲ್ಲ ಎಂದು ಒಬ್ಬಳೇ ನಕ್ಕೆ. ಬಸ್ಸಿನ ಭಯಕ್ಕೆ ಮಾವಶಿಯ ಕೇಕಿಗೆ ಎರಡು ಪದರ ಸುರಿದು ಕಳಿಸಿದೆ.

ಮತ್ತೆ ಅವರು ಬಂದಾಗ ಬಾಗಿಲಲ್ಲೇ ಕೇಳಿದೆ, "ಏನಾತ್ರಿ?"

"ಚಾಕು ಇಳೀಲಿಲ್ಲ! ಕುಂತ ಮಂದಿ ಎಲ್ಲಾ ನನ್ನ ಮಾರಿ ನೋಡಾಕತ್ರು."

ಈ ಸಲ ಬೈಯಲು ಬಸ್ಸೂ ಇರಲಿಲ್ಲ.

"ಕಡೀಕ ಕೊಯ್ತಾ ಕತ್ತಿ ಹಿಡೀಲೆ ಬಡದು ಒಡದ್ವಿ. ಹುಡುಗಿ ಒಂದು ಚೂರು ಹಿಡಕೊಂಡು ಊರೆಲ್ಲ ತೋರಿಸ್ಯಾಳ್ರಿ. ನಮ್ಮಜ್ಜಿ ಸುಳ್ಳ ಹೇಳಂಗಿಲ್ಲ, ನೋಡ್ರಿ ಅಂತ."