ಎಲೆಯ ಬದಿಗೊಂದು ಗ್ಲಾಸು

"ಅವನು ಕುಡಿಯುವವನಲ್ಲ. ಎಲೆಯ ಬದಿಗೆ ಎಳನೀರು ಇಟ್ಟರೆ ಸಾಕು" ಎಂದರು ಭಾವ.

ನಾನು ಒಲೆಯ ಮುಂದೆ ಕೋಳಿ ಸುಕ್ಕ ತಿರುವುತ್ತಿದ್ದೆ. ಕೈ ನಿಂತಿತು. ಅಲ್ಲೇ ಒಂದು ಮೊಳ ದೂರದಲ್ಲಿ, ಅಕ್ಕಿ ಡಬ್ಬದ ಹಿಂದೆ, ಜಿನ್ನಿನದೊಂದು, ರಮ್ಮಿನದೊಂದು ಬಾಟಲಿ ಇದ್ದವು. ಎರಡೂ ಅರ್ಧ ಖಾಲಿ. ಖಾಲಿ ಮಾಡಿದವರಿಗೇ ನಾವು ಅಂದು ಎಲೆ ಹಾಕುತ್ತಿದ್ದುದು.

ಮೊದಲು ವಿಷಯ ಹೇಳಿಬಿಡುತ್ತೇನೆ. ಮಾರ್ಚ್ ತಿಂಗಳಲ್ಲಿ ನನ್ನ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದರು. ರಿಕ್ಷಾ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಂದ ಈಚೆಗೆ ನಾನು ಈ ಅಂಕಣ ಬರೆದಿರಲಿಲ್ಲ. (ವಿಚಾರಿಸಿ ಕಾರ್ಡು ಹಾಕಿದವರಿಗೆಲ್ಲ ಉತ್ತರಿಸಲು ಆಗಲಿಲ್ಲ. ಬೇಸರಿಸಬೇಡಿ.)

ಈಗ ಆಟಿ ತಿಂಗಳು, ಆಷಾಢದ ಮಳೆಗಾಲ. ನಮ್ಮ ತುಳುನಾಡಿನವರಲ್ಲಿ ಈ ತಿಂಗಳು ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮವಿದೆ. ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಬಡಿಸಬೇಕು. ಆಮೇಲೆ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ಬಾಗಿಲು ತೆರೆದ ಮೇಲೆ ಆ ಎಲೆಯಿಂದ ಮೊದಲು ತೆಗೆದುಕೊಳ್ಳುವವರು ಮನೆಯ ಹಿರಿಯರು. ಊರಿನಲ್ಲಿ ಇದು ರಾತ್ರಿಯ ಕೆಲಸ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಭಾನುವಾರ ಮಧ್ಯಾಹ್ನ. ಬಂದವರಿಗೆ ವಾಪಸು ಲೋಕಲ್ ರೈಲು ಸಿಗಬೇಡವೇ?

ಬಂದವರು ಎಂದರೆ ಭಾವ ಒಬ್ಬರೇ. ಯಜಮಾನರ ಅಣ್ಣ. ಥಾಣೆಯಲ್ಲಿ ಸಣ್ಣ ಹೋಟೆಲು, ಹೆಂಡತಿ ಮಕ್ಕಳು ಊರಿನಲ್ಲಿ. ತಮ್ಮನನ್ನು ಕರೆತಂದು, ರಾತ್ರಿಶಾಲೆಗೆ ಕಳಿಸಿ, ಇಲ್ಲಿನ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗುವವರೆಗೂ ಸಾಕಿದವರು ಅವರೇ. ಇವರು ಅಣ್ಣನ ಎದುರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ನೋಡಿಲ್ಲ. ಇನ್ನು ಗ್ಲಾಸು ಹಿಡಿಯುವುದೆಲ್ಲಿ ಬಂತು? ಭಾವ ದಿನಾ ಒಂದು ಕ್ವಾರ್ಟರ್ ತೆಗೆದುಕೊಳ್ಳುತ್ತಾರೆ ಎಂಬುದು ನಮ್ಮ ಊರಿನವರಿಗೆಲ್ಲ ಗೊತ್ತು. ಹಿರಿಯರು ಕುಡಿಯಬಹುದು. ಅವರ ಎದುರು ಕಿರಿಯರು ಕುಡಿಯಬಾರದು. ನಮ್ಮಲ್ಲಿ ಅದಕ್ಕೆ ಮರ್ಯಾದೆ ಎಂದು ಹೆಸರು.

ಹಾಗೆ ನೋಡಿದರೆ ಇವರದು ಕುಡಿಯುವ ಚಟ ಅಲ್ಲ, ಬೆರೆಸುವ ಹುಚ್ಚು. ಕೆಮಿಕಲ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. "ವಾರವಿಡೀ ಮೂಗು ಮುಚ್ಚಿಕೊಂಡು ಬೆರೆಸ್ತೇನೆ. ಶನಿವಾರ ಒಂದು ದಿನ ಬಾಯಿಗೆ ಹಾಕುವಂಥದ್ದು ಬೆರೆಸಬಾರದಾ ಮಾರಾಯ್ತಿ?" ಎನ್ನುತ್ತಿದ್ದರು. ಕಾಕ್‌ಟೇಲ್ ಎಂಬುದನ್ನು ಯಾವುದೋ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ನೋಡಿದ್ದರಂತೆ. ಅದರಲ್ಲಿ ಬರೆದಿದ್ದ ಒಂದು ಸಾಮಾನೂ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಸಿಗಲಿಲ್ಲ. (ಆಲಿವ್ ಎಂದರೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.) ಹಾಗಾಗಿ ನಮ್ಮದು ಪುನರ್ಪುಳಿ (ಇಲ್ಲಿಯವರ ಕೋಕಂ), ಶುಂಠಿ, ನಿಂಬೆ, ಗೋಲಿ ಸೋಡಾ. ಅಳೆಯಲು ಗೆರೆಗಳಿರುವ ಗಾಜಿನ ಕೊಳವೆ. ಲ್ಯಾಬಿನಲ್ಲಿ ಇರುವಂಥದ್ದೇ, ಹೊಸತು ಕೊಂಡು ತಂದಿದ್ದರು.

ಜಿನ್ ಕಡಿಮೆ, ಸೋಡಾ ಜಾಸ್ತಿ ಹಾಕಿದರೆ ಅದರ ಹೆಸರು ಕಲ್ಯಾಣ್ ಸ್ಲೋ. ಜಿನ್ ಜಾಸ್ತಿಯಾದರೆ ಕರ್ಜತ್ ಫಾಸ್ಟ್. ಎರಡೂ ನಮ್ಮ ಲೈನಿನ ಲೋಕಲ್ ರೈಲುಗಳು. ನಾನು ಶುಂಠಿ ಜಜ್ಜಿ ರಸ ಹಿಂಡಿ ಕೊಡಬೇಕು. (ನಾನೂ ಕುಡಿಯುತ್ತಿದ್ದೆನೇ? ರುಚಿ ನೋಡುತ್ತಿದ್ದೆ. ರುಚಿ ನೋಡದೆ ಯಾವ ಹೆಂಗಸು ಅಡುಗೆಮನೆಯಿಂದ ಪಾತ್ರೆ ಹೊರಗೆ ಬಿಡುತ್ತಾಳೆ? ಇನ್ನು, ಇಲ್ಲಿ ಕುಡಿಯಲು ಬೇಕಾದ ಸರಕಾರಿ ಪರ್ಮಿಟ್ ಇತ್ತೇ ಎಂದು ಕೇಳುವವರಿಗೆ: ಇತ್ತು. ಆರೋಗ್ಯದ ಸಲುವಾಗಿ ಎಂದು ಅದರಲ್ಲಿ ಬರೆದಿತ್ತು.)

ಸ್ಟೀಲ್ ಲೋಟ ನಡೆಯುತ್ತಿರಲಿಲ್ಲ, ಬಣ್ಣ ಕಾಣಬೇಕು. ಪುನರ್ಪುಳಿಯ ಕೆಂಪು ತಳದಲ್ಲಿ ಕೂರುತ್ತಿತ್ತು. ಮೇಲಿಂದ ಸೋಡಾ ಬಿಟ್ಟಾಗ ಆ ಕೆಂಪು ನಿಧಾನಕ್ಕೆ ಎದ್ದು ಬರುವುದನ್ನು ಇಬ್ಬರೂ ಟಿವಿ ನೋಡಿದ ಹಾಗೆ ನೋಡುತ್ತಿದ್ದೆವು. ನಮ್ಮಲ್ಲಿ ಟಿವಿ ಇರಲಿಲ್ಲ. ಮಕ್ಕಳೂ ಇರಲಿಲ್ಲ. ಇದ್ದದ್ದು ಅದೊಂದು ಶನಿವಾರದ ಸಂಜೆ.

ಅಣ್ಣ ಬರುತ್ತಾರೆಂದು ತಿಳಿದರೆ ಬಾಟಲಿ ಅಕ್ಕಿ ಡಬ್ಬದ ಹಿಂದೆ. ಬಾಯಿಗೆ ಏಲಕ್ಕಿ.

ಈಗ ಹೇಳಿ, ನಾನೇನು ಮಾಡಬೇಕಿತ್ತು? ಬಾಯಿ ಬಿಟ್ಟರೆ ಇವರು ಬದುಕಿದ್ದಷ್ಟು ದಿನ ಕಾಪಾಡಿಕೊಂಡು ಬಂದ ಮರ್ಯಾದೆ ಹೋಗುತ್ತದೆ. ಉತ್ತರ ಕೊಡಲು ಅವರಿಲ್ಲ. ಬಾಯಿ ಮುಚ್ಚಿಕೊಂಡರೆ ಎಲೆ ಅರ್ಧ. ಇವರಿಗೆ ಎಳನೀರು ಸೇರುತ್ತಲೇ ಇರಲಿಲ್ಲ. ಜ್ವರ ಬಂದಾಗಲೂ ಮುಖ ಸಿಂಡರಿಸುತ್ತಿದ್ದರು.

"ಭಾವ, ಅವರಿಗೆ ಎಳನೀರು ಆಗುವುದಿಲ್ಲ" ಎಂದೆ.

"ಮತ್ತೆ ಎಂಥ ಆಗ್ತದೆ?"

ನಾನು ಬಾಟಲಿಗಳನ್ನು ತೆಗೆದು ಕಟ್ಟೆಯ ಮೇಲಿಟ್ಟೆ. ಭಾವ ಒಮ್ಮೆ ಬಾಟಲಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಬರ್ಫ್, ಅಂದರೆ ಐಸು, ಬೇಕಿತ್ತು. ನಮ್ಮ ಮಾಳಿಗೆಯಲ್ಲಿ ಫ್ರಿಜ್ ಇರುವುದು ಪಕ್ಕದ ಮನೆಯ ಮರಾಠಿ ಹೆಂಗಸು, ನಾನು ವಹಿನಿ ಎಂದು ಕರೆಯುವವರ ಹತ್ತಿರ ಮಾತ್ರ. ಶನಿವಾರ ಶನಿವಾರ ನಾನು ಪಾತ್ರೆ ಹಿಡಿದು ಹೋದರೆ "ಶರಬತ್ ಕಾ?" ಎಂದು ನಗುತ್ತಿದ್ದರು. ಹೌದು, ಶರಬತ್ತೇ ಎನ್ನುತ್ತಿದ್ದೆ. ಅವರದು ಈರುಳ್ಳಿಯನ್ನೂ ಮುಟ್ಟದ ಮನೆ, ಮುಂದೆ ಕೇಳುತ್ತಿರಲಿಲ್ಲ. ಮಾರ್ಚ್ ಆದಮೇಲೆ ನಾನು ಆ ಬಾಗಿಲು ತಟ್ಟಿರಲಿಲ್ಲ.

ಅಂದು ಪಾತ್ರೆ ನೋಡಿ ಅವರಿಗೆ ಗಾಬರಿಯಾಯಿತು. "ಕೋಣಾಸಾಠೀ ಗ?" ಎಂದರು. ಯಾರಿಗೇ?

"ಹ್ಯಾಂಚ್ಯಾಸಾಠೀಚ್" ಎಂದೆ. ಇವರಿಗೇ.

ವಹಿನಿ ಟ್ರೇಯನ್ನೇ ಎತ್ತಿ ಕೊಟ್ಟರು.

ಒಬ್ಬಳೇ ಬೆರೆಸಿದ್ದು ಅದೇ ಮೊದಲು. ಭಾವ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಗಾಜಿನ ಕೊಳವೆ ತೆಗೆದಾಗ ತಡೆಯಲಾಗಲಿಲ್ಲ ಅವರಿಗೆ. "ಇದೆಂಥದ್ದು, ಆಸ್ಪತ್ರೆಯದ್ದಾ? ಮದ್ದು ಕೊಡ್ತಿದ್ದೀಯಾ ಅವನಿಗೆ?"

"ಅವರು ಇದರಲ್ಲೇ ಅಳೆಯುವುದು ಭಾವ."

"ನಮ್ಮ ಅಪ್ಪ ತೆಂಗಿನ ಚಿಪ್ಪಿನಲ್ಲಿ ಅಳೆದದ್ದು!"

ಸುಳ್ಳು ಏಕೆ ಹೇಳಲಿ, ಕೆಂಪು ಮೇಲೆ ಬರುವಾಗ ನನಗೆ ಖುಷಿಯಾಯಿತು. ಒಂದೇ ಒಂದು ಕ್ಷಣ. ನೋಡಿ ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಭಾವ ನಿಂತಿದ್ದರು.

ಎಲೆಯ ಬದಿಗೆ ಗ್ಲಾಸು ಇಟ್ಟು, ಬಾಗಿಲು ಎಳೆದುಕೊಂಡು ಇಬ್ಬರೂ ಗ್ಯಾಲರಿಯಲ್ಲಿ ನಿಂತೆವು. ಮಳೆ ಹಿಡಿದಿತ್ತು. ನನಗೆ ಒಂದೇ ಚಿಂತೆ. ಬರ್ಫ್ ಕರಗಿ ನೀರಾದ ಗ್ಲಾಸನ್ನು ಇವರು ಮುಟ್ಟುತ್ತಿರಲಿಲ್ಲ, ಮೋರಿಗೆ ಸುರಿಯುತ್ತಿದ್ದರು. ಹಿಂದಿನವರು ಈ ಕ್ರಮ ಮಾಡುವಾಗ ಫ್ರಿಜ್ ಎಲ್ಲಿತ್ತು?

"ಬಾಗಿಲು ತೆಗೆಯುವನಾ ಭಾವ? ಬರ್ಫ್ ಕರಗ್ತದೆ."

"ಸತ್ತವನಿಗೆ ಎಂಥ ಅರ್ಜೆಂಟ್, ವಸಂತಿ? ತಿನ್ನಲಿ ಸಾವಕಾಶ" ಎಂದರು.

ಬಾಗಿಲು ತೆರೆದಾಗ ಬರ್ಫ್ ಕರಗಿಹೋಗಿತ್ತು. ಬಣ್ಣ ಸಪ್ಪೆ. ಭಾವ ಚಾಪೆಯ ಮೇಲೆ ಕುಳಿತರು. ಸುಕ್ಕ ಮುಟ್ಟಲಿಲ್ಲ, ಗ್ಲಾಸನ್ನೇ ಎತ್ತಿದರು. ಒಂದು ಗುಟುಕು. ಇನ್ನೊಂದು.

"ಒಳ್ಳೆಯದುಂಟು" ಎಂದರು. "ಯಾವಾಗ ಮಾಡ್ತಿದ್ದ?"

"ಶನಿವಾರ."

"ಶನಿವಾರ ನಾನು ಬಂದದ್ದುಂಟಲ್ಲ ಎಷ್ಟೋ ಸಲ?"

"ನೀವು ಹೋದ ಮೇಲೆ ಮಾಡುತ್ತಿದ್ದರು. ನಿಮ್ಮೆದುರು ಹೇಗೆ ಭಾವ?"

ಅವರು ಗ್ಲಾಸನ್ನು ಕೈಯಲ್ಲೇ ಒಮ್ಮೆ ತಿರುಗಿಸಿದರು. ಆಮೇಲೆ, "ನಾನು ಹೋಟೆಲಿನ ಹಿಂದೆ ಗೋಣಿಚೀಲದ ಮೇಲೆ ಕೂತು ದಿನಾ ಒಬ್ಬನೇ ಕುಡಿಯುವುದು. ಮಾತಿಗೆ ಒಂದು ಜನ ಇಲ್ಲ" ಎಂದರು.

ಭಾವ ಉಳಿದದ್ದನ್ನು ಕುಡಿದು ಮುಗಿಸಿ, ಖಾಲಿ ಗ್ಲಾಸನ್ನು ಎಲೆಯ ಬದಿಗೆ, ಇದ್ದ ಜಾಗದಲ್ಲೇ ಇಟ್ಟರು.

"ನನ್ನ ಜೊತೆ ಒಂದು ಗ್ಲಾಸು ಕುಡಿಯಲಿಕ್ಕೆ ಅವನು ಸಾಯಬೇಕಿತ್ತಾ, ವಸಂತಿ?"