ಅವ್ವನ ಕೋಟಿನ ಎಡತೋಳು

ಕಡಲೆ ಕೀಳುವ ಹೆಂಗಸರಿಗೆ ಕೋಟು ಬೇಕು. ನಮ್ಮ ನವಲಗುಂದದ ಕಡೆ ನಸುಕಿನ ಥಂಡಿಯಲ್ಲೇ ಕಡಲೆ ಕಿತ್ತು ಮುಗಿಸುತ್ತಾರೆ. ಬಿಸಿಲೇರಿದರೆ ಕಾಯಿ ಉದುರುತ್ತವೆ. ಗಿಡದ ಹುಳಿ ತಾಗಿದಲ್ಲೆಲ್ಲ ಚರ್ಮ ಉರಿಯುತ್ತದೆ. ಅದಕ್ಕೇ ಸೀರೆಯ ಮೇಲೆ ಗಂಡಂದಿರ ಹಳೆಯ ತುಂಬುತೋಳಿನ ಅಂಗಿ ತೊಟ್ಟುಕೊಳ್ಳುತ್ತಾರೆ. ಅವ್ವ ಅದನ್ನೇ ಕೋಟು ಅನ್ನುತ್ತಾಳೆ. ಮದುವೆಯಾದಂದಿನಿಂದ ಅವಳು ತೊಟ್ಟದ್ದು ಅಪ್ಪನ ಕಾಲರು ಹರಿದ ಅಂಗಿಗಳನ್ನೇ.

ಎರಡು ವರ್ಷದ ಹಿಂದೆ ದೀಪಾವಳಿ ರಜೆಗೆ ಊರಿಗೆ ಹೋದಾಗ ಅವಳ ಕೈಮೇಲಿನ ಕಲೆಗಳನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಈ ಸುಗ್ಗಿಗೆ ನಿನ್ನದೇ ಅಳತೆಯ ಕೋಟು ಹೊಲಿದು ಕೊಡುತ್ತೇನೆ ಎಂದೆ. ನಾನು ಕುಂದಗೋಳದಲ್ಲಿ ಮಾಸ್ತರಿಕೆ ಮಾಡುವವಳು. ಮನೆಯಲ್ಲಿ ಹೊಲಿಗೆ ಯಂತ್ರವಿದೆ.

"ಹೊಲಕ್ಕ ಹೋಗಾಕ ಎದಕ್ಕ ಶೋಕಿ? ನನ್ನ ಅಂಗಿ ಅದಾವಲ್ಲ," ಎಂದ ಅಪ್ಪ.

"ನಿನ್ನ ಅಂಗಿ ನೀನ ತೊಡು," ಎಂದೆ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಉಡಿ ತುಂಬಿಸಿಕೊಂಡಾಗ ಮಡಿಲಿಗೆ ಬಂದ ಕುಬಸದ ಖಣಗಳ, ಅಂದರೆ ರವಿಕೆ ಬಟ್ಟೆಗಳ ಗಂಟನ್ನು ಅವಳು ಟ್ರಂಕಿನಿಂದ ತೆಗೆದಳು. ಅಂಥ ಖಣಗಳನ್ನು ಯಾರೂ ಹೊಲಿಸುವುದಿಲ್ಲ. ಒಬ್ಬರ ಉಡಿಯಿಂದ ಇನ್ನೊಬ್ಬರ ಉಡಿಗೆ ಊರೂರು ತಿರುಗುತ್ತಿರುತ್ತವೆ. ಅವ್ವ ಏಳನ್ನು ಆರಿಸಿದಳು.

"ಬೆನ್ನಿಗೆ ಕೆಂಪು, ತೋಳಿಗೆ ಗಿಳಿಹಸರು. ಕಿಸೆ ಹಳದಿ ಇರ್ಲಿ, ಎರಡ ಬೇಕ ಮತ್ತ. ಎಲಿ-ಅಡಿಕಿಗೆ ಒಂದು, ಮೊಬೈಲಿಗೆ ಒಂದು. ಬಸ್ಸಿನ್ಯಾಗ ಹೋಗೂ ಮಂದಿಗೂ ಕಾಣಬೇಕ ನೋಡು."

ಅಳತೆಗೆಂದು ಕೈ ಚಾಚಿ ನಿಂತವಳು ಮದುವಣಗಿತ್ತಿಯ ಹಾಗೆ ನಾಚಿದಳು. ಹಿಂದೊಮ್ಮೆ ಬಂಡಿಯಿಂದ ಬಿದ್ದು ಮುರಿದಿದ್ದ ಅವಳ ಎಡಗೈ ಬಲಗೈಗಿಂತ ಒಂದು ಇಂಚು ಗಿಡ್ಡ. ಅದು ನನಗೆ ಅಂದೇ ಗೊತ್ತಾದದ್ದು. ಅಪ್ಪನ ಅಂಗಿಯ ಎಡತೋಳನ್ನು ಅವಳು ಯಾವಾಗಲೂ ಒಂದು ಸುತ್ತು ಹೆಚ್ಚು ಮಡಚುತ್ತಿದ್ದಳು. ನಾನು ಅದನ್ನು ರೂಢಿ ಅಂದುಕೊಂಡಿದ್ದೆ. ಮರೆಯಬಾರದೆಂದು ಒಂದು ಹಸಿರು ಖಣದ ಮೂಲೆಯಲ್ಲಿ ಪೆನ್ನಿನಿಂದ ಬರೆದುಕೊಂಡೆ: ಎಡತೋಳು, ಇಪ್ಪತ್ತೂವರೆ.

ಮೊದಲ ಸುಗ್ಗಿ ಬಂದಾಗ ಪರೀಕ್ಷೆಯ ಕೆಲಸ ಎಂದೆ. ಆಮೇಲೆ ಯಂತ್ರದ ಬೆಲ್ಟು ಹರಿದಿದೆ ಎಂದೆ. ಹರಿದದ್ದು ನಿಜ; ಹೊಸದು ಹಾಕಿಸಲು ಹತ್ತು ನಿಮಿಷ ಸಾಕಿತ್ತು.

ಈ ನಡುವೆ ನನ್ನ ಮನೆಗೆ ಬಂದುಹೋಗುವ ಹೆಂಗಸರಿಗೆ ಉಡಿ ತುಂಬದೆ ಕಳಿಸುವಂತಿರಲಿಲ್ಲ. ಕೈಗೆ ಸಿಗುವ ಕಪಾಟಿನಲ್ಲೇ, ಹೊಲಿಯಲೆಂದು ನಾನು ತಂದಿಟ್ಟ ಅವ್ವನ ಗಂಟಿತ್ತು. ಮೊದಲು ಹಳದಿ ಹೋಯಿತು. ಬೇರೆ ತಂದಿಟ್ಟರಾಯಿತು ಅಂದುಕೊಂಡೆ. ಕೆಂಪು ಹೋಯಿತು. ಹಸಿರು ಯಾರ ಉಡಿಗೆ ಬಿತ್ತೋ ನೆನಪೇ ಇಲ್ಲ. ಅಪ್ಪನಾದರೂ ಹಳೆಯ ಅಂಗಿ ಕೊಟ್ಟಿದ್ದ. ನಾನು ಅವಳ ಹತ್ತಿರ ಇದ್ದದ್ದನ್ನೂ ಹಂಚಿ ಕುಳಿತೆ.

"ಕೋಟ ಎಲ್ಲಿಗಿ ಬಂತವಾ?" ಎಂದು ಅವ್ವ ಫೋನಿನಲ್ಲಿ ಕೇಳುತ್ತಿದ್ದಳು.

"ತೋಳ ಹಚ್ಚೂದಷ್ಟ ಉಳದೈತಿ," ಎನ್ನುತ್ತಿದ್ದೆ. ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಈ ವರ್ಷ ಕಡಲೆ ಕೀಳುವ ಮುನ್ನಾ ದಿನ ಅಣ್ಣಿಗೇರಿಯ ನೆಂಟರ ಮನೆಯಲ್ಲಿ ಬಸುರಿಗೆ ಕುಬಸ ಮಾಡುವ ಸೀಮಂತದ ಕಾರ್ಯವಿತ್ತು. ಬಂದ ಮುತ್ತೈದೆಯರಿಗೆಲ್ಲ ಉಡಿ ತುಂಬಿದರು. ಸಂಜೆ ಅವ್ವನ ಜೊತೆ ನಾನೂ ಊರಿಗೆ ಬಂದೆ. ಉಡಿಯ ಅಕ್ಕಿ, ಉತ್ತತ್ತಿ ತೆಗೆದಿಟ್ಟು ಅವಳು ಖಣ ಬಿಚ್ಚಿದಳು. ಗಿಳಿಹಸಿರು. ಮೂಲೆಯಲ್ಲಿ ನನ್ನ ಅಕ್ಷರ.

ನಾಲ್ಕನೇ ಇಯತ್ತೆಯವರೆಗೆ ಓದಿದವಳು ಅವ್ವ. ಬೆರಳಿಟ್ಟು ನಿಧಾನವಾಗಿ ಓದಿಕೊಂಡಳು. ಆಮೇಲೆ ಒಲೆ ಹೊತ್ತಿಸಲು ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ನಸುಕಿನಲ್ಲಿ ಅಪ್ಪನ ಅಂಗಿ ತೊಟ್ಟು, ಎಡತೋಳನ್ನು ಒಂದು ಸುತ್ತು ಹೆಚ್ಚು ಮಡಚಿದಳು. ಹೊರಡುವ ಮುಂಚೆ ಆ ಖಣವನ್ನು ಹಳೆಯ ಮಡಿಕೆಯಲ್ಲೇ ಮಡಚಿ ನನ್ನ ಚೀಲದೊಳಗೆ ಇಟ್ಟಳು.

"ಒಯ್ಯಿ. ನಿಮ್ಮ ಮನಿಗೆ ಯಾರರ ಬಂದ್ರ ಉಡ್ಯಾಗ ಹಾಕಾಕ ಬೇಕಾಕ್ಕೈತಿ."